ಸಮುದ್ರಕ್ಕೆ ಬಿದ್ದ ಎರಡು ಮೊಳೆಗಳು

ಮಡಗಾಸ್ಕರ್ ದ್ವೀಪದ ಅತಿ ಎತ್ತರದ ಬೆಟ್ಟ ಮೂರು ಮಿಲಿಮೀಟರು. ಲೆಕ್ಕ ತಪ್ಪಿಲ್ಲ, ಮೂರು ಸಲ ಮಾಡಿ ನೋಡಿದ್ದೇನೆ. ಹತ್ತು ಕಿಲೋಮೀಟರಿಗೆ ಒಂದು ಸೆಂಟಿಮೀಟರಿನಂತೆ ಹಿಡಿದರೆ ದ್ವೀಪದ ಉದ್ದ ಒಂದೂವರೆ ಮೀಟರು ದಾಟುತ್ತದೆ, ಅಗಲ ಅರ್ಧ ಮೀಟರಿಗಿಂತ ತುಸು ಹೆಚ್ಚು. ಆದರೆ ಮೂರು ಸಾವಿರ ಮೀಟರಿಗೆ ಸ್ವಲ್ಪವೇ ಕಡಿಮೆ ಇರುವ ಬೆಟ್ಟ ಅದೇ ಅಳತೆಯಲ್ಲಿ ಒಂದು ದಪ್ಪ ರೊಟ್ಟಿಯಷ್ಟೂ ಮೇಲೇಳುವುದಿಲ್ಲ. ಕಣ್ಣಿದ್ದವರಿಗಾದರೆ ಬಣ್ಣ ಬಳಿದು ಎತ್ತರ ತೋರಿಸಬಹುದು. ಈ ನಕ್ಷೆಯನ್ನು ಓದಬೇಕಾದವರು ಬೆರಳಿನಿಂದ ಓದುವವರು.

ಸಿಂಧನೂರಿನಲ್ಲಿ ನಾನು ಕೆಲಸ ಮಾಡುವ ಜಾಗ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಉದ್ದನೆಯ ಮೇಜು, ಸುತ್ತಲಿನ ಶಾಲೆಗಳು ಕೇಳಿದ ಪಾಠೋಪಕರಣ ಮಾಡಿಕೊಡುವ ನಾಲ್ಕು ಜನ. ಆ ಟೀಚರ್ ಗುರುಗುಂಟಾ ಕಡೆಯ ಹೈಸ್ಕೂಲೊಂದರಿಂದ ಬಸ್ಸು ಬದಲಿಸಿ ಬಂದಿದ್ದರು. ಹುಟ್ಟಿನಿಂದ ಕಣ್ಣು ಕಾಣದವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮಡಚಿದ ಬಿಳಿ ಕೋಲನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಲ್ಲಿದೆ ಎಂದು ನಾನು ಹೇಳುವ ಮೊದಲೇ ಕುಳಿತು, ನೇರ ವಿಷಯಕ್ಕೆ ಬಂದರು.

ಅವರು ಅತಿಥಿ ಶಿಕ್ಷಕಿ. ಓದಿದ್ದು ಸಮಾಜ ವಿಜ್ಞಾನ, ಶಾಲೆ ಕೊಟ್ಟದ್ದು ಕನ್ನಡದ ಪಿರಿಯಡ್ಡುಗಳು. ಈಗ ಕನ್ನಡಕ್ಕೆ ಕಾಯಂ ಶಿಕ್ಷಕರು ಬಂದಿದ್ದರು. ಸಮಾಜ ವಿಜ್ಞಾನದ ಜಾಗ ಖಾಲಿಯಿತ್ತು, ಆದರೆ ಹೆಡ್ ಮೇಷ್ಟ್ರಿಗೆ ಅನುಮಾನ: ಭೂಪಟ ಕಾಣದವರು ಭೂಗೋಳ ಕಲಿಸುವುದು ಹೇಗೆ? ಕೊನೆಗೆ ಒಂದು ತೀರ್ಮಾನವಾಗಿತ್ತು. ತಾಲ್ಲೂಕಿನಿಂದ ಪರಿವೀಕ್ಷಕರೊಬ್ಬರು ಬರುತ್ತಾರೆ, ಅವರೆದುರು ಎಂಟನೆಯ ತರಗತಿಗೆ ಒಂದು ಮಾದರಿ ಪಾಠ. ಪಾಠ ಅವರಿಗೆ ಒಪ್ಪಿಗೆಯಾದರೆ ಆ ಪಿರಿಯಡ್ಡುಗಳು ಟೀಚರಿಗೆ. ಇಲ್ಲವಾದರೆ ಮುಂದಿನ ತಿಂಗಳಿಂದ ಅವರು ಶಾಲೆಗೆ ಬರಬೇಕಾಗಿಲ್ಲ. ಉಳಿದದ್ದು ಮೂರು ವಾರ, ಅಷ್ಟರೊಳಗೆ ಬೆರಳಿಗೆ ಸಿಗುವಂಥ ಮಡಗಾಸ್ಕರಿನ ನಕ್ಷೆ ಮಾಡಿಕೊಡಬೇಕು.

ನಾನು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಬೆಳೆದವಳು. ಯಾರು ಏನೇ ಹೇಳಲಿ, ಮೊದಲು ಎದುರಿನ ಕಡೆ ನಿಂತು ನೋಡುವುದು ರೂಢಿ. ಹಾಗಾಗಿ ಹೆಡ್ ಮೇಷ್ಟ್ರ ಪ್ರಶ್ನೆಯನ್ನೇ ನಾನೂ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ನೀವು ಮಡಗಾಸ್ಕರಿಗೆ ಹೋಗಿದ್ದೀರಾ ಎಂದು ವಿಚಾರಿಸಿದರು. ಇಲ್ಲ ಎಂದೆ.

"ಮತ್ತ, ನೀವೂ ಯಾರೋ ಮಾಡಿಕೊಟ್ಟದ್ದನ್ನ ನಂಬೀರಿ. ನೀವು ಕಣ್ಣಿಂದ ಮುಟ್ಟಿ ನಂಬೀರಿ, ನಾ ಕೈಯಿಂದ. ಫರಕ್ ಏನದ ಹೇಳ್ರಿ?"

ಫರಕು ಇದೆ ಎಂದು ವಾದಿಸಬಹುದಿತ್ತು. ಆದರೆ ಉತ್ತರ ಚೆನ್ನಾಗಿತ್ತು, ಅಂಕ ಕೊಟ್ಟೆ. ಬದಲಿಗೆ ದೇಶದ ಆಯ್ಕೆಯ ಮೇಲೆ ಬಿದ್ದೆ. ಭಾರತವನ್ನೇ ತೆಗೆದುಕೊಳ್ಳಬಹುದಲ್ಲ, ಮಕ್ಕಳಿಗೂ ಪರಿಚಯ, ಪರಿವೀಕ್ಷಕರಿಗೂ ಸಲೀಸು ಎಂದೆ. ಭಾರತ ತಮಗೆ ಬಾಯಿಪಾಠ, ಬಾಯಿಪಾಠ ಒಪ್ಪಿಸಿದರೆ ತಾವು ನಕ್ಷೆ ಓದಿದ ಹಾಗಾಗುವುದಿಲ್ಲ ಎಂದು ಅವರೆಂದರು. ಯಾರಿಗೂ ಬಾಯಿಪಾಠವಿಲ್ಲದ, ಆದರೆ ಮಕ್ಕಳಿಗೆ ಕೈಗೆಟುಕುವ ದೇಶ ಬೇಕು. ಮಡಗಾಸ್ಕರಿನಲ್ಲಿ ಭತ್ತದ ಗದ್ದೆಯಿದೆ, ದನಗಳಿಗೆ ನಮ್ಮ ದನಗಳ ಹಾಗೆಯೇ ಬೆನ್ನ ಮೇಲೆ ಹಿಣಿಲು ಇದೆ. ತಮ್ಮ ತರಗತಿಯ ಅರ್ಧ ಮಕ್ಕಳ ಮನೆಯವರು ಜವಳಗೇರಾ, ಸಾಲಗುಂದದ ಕಡೆ ಭತ್ತ ಹಚ್ಚಲು ಹೋಗುತ್ತಾರೆ, ಇನ್ನರ್ಧ ಮನೆಗಳಲ್ಲಿ ದನವಿದೆ. ಅಷ್ಟು ಸಾಕು.

ಅವರು ಹೋದ ಮೇಲೆ ಓದಲು ಕುಳಿತೆ. ಅವರು ಪಟ್ಟಿ ಮಾಡಿಕೊಟ್ಟ ಸಂಗತಿಗಳಲ್ಲಿ ಅರ್ಧ ಸುಳ್ಳಿರಬೇಕು ಎಂಬುದು ನನ್ನ ಅಂದಾಜು. ಆಫ್ರಿಕಾದ ಮಗ್ಗುಲಲ್ಲೇ ಇರುವ ದ್ವೀಪದ ಜನ ಹಿಂದೂ ಮಹಾಸಾಗರದ ಆಚೆಯಿಂದ, ಬೋರ್ನಿಯೊ ಕಡೆಯಿಂದ, ದೋಣಿಯಲ್ಲಿ ಬಂದರಂತೆ. ಇದನ್ನು ಕೆಡವಲೇಬೇಕೆಂದು ಎರಡು ದಿನ ಕೂತೆ, ಆಗಲಿಲ್ಲ. ಅವರ ಭಾಷೆಯ ಹತ್ತಿರದ ನಂಟು ಇವತ್ತಿಗೂ ಬೋರ್ನಿಯೊದ ಹೊಳೆದಂಡೆಯ ಊರುಗಳಲ್ಲಿದೆ. ಆಫ್ರಿಕಾದಿಂದ ಬಂದವರೂ ಕೂಡಿದರು, ದನ ಆ ಕಡೆಯಿಂದ ಬಂತು, ಭತ್ತ ಈ ಕಡೆಯಿಂದ. ನಡುವಿನ ಎತ್ತರದ ಬಯಲಿನಲ್ಲಿ ಬೆಟ್ಟದ ಮಗ್ಗುಲು ಕಡಿದು ಮೆಟ್ಟಿಲು ಗದ್ದೆ ಮಾಡಿದ್ದಾರೆ. ಕೆಲವು ಕಡೆ ರಾಡಿ ಹದ ಮಾಡಲು ನೇಗಿಲಿಲ್ಲ, ದನದ ಹಿಂಡನ್ನೇ ಗದ್ದೆಗೆ ಇಳಿಸಿ ಸುತ್ತು ಹೊಡೆಸುತ್ತಾರೆ. ಮೂರು ಹೊತ್ತೂ ಅನ್ನ. ಪೂರ್ವಕ್ಕೆ ದಟ್ಟ ಮಳೆಕಾಡು, ಪಶ್ಚಿಮಕ್ಕೆ ಒಣ ಬಯಲು, ತೆಂಕಣ ತುದಿಯಲ್ಲಿ ಮುಳ್ಳುಗಾಡು. ಇಷ್ಟೆಲ್ಲವನ್ನೂ ಪರಿಶೀಲಿಸಿ ಒಪ್ಪಿದೆ. ಇದನ್ನೆಲ್ಲ ಪಾಠವಾಗಿ ಬರೆದು, ಓದಿ, ಟೀಚರಿನ ಫೋನಿಗೆ ದನಿ ಮುದ್ರಿಸಿ ಕಳಿಸಿದೆ, ಯಾವ ಕಡೆ ಏರು, ಯಾವ ಕಡೆ ಇಳಿಜಾರು ಎಂಬ ಪೂರ್ವ ಪಶ್ಚಿಮ ಸಮೇತ. ಇದನ್ನು ನೆನಪಿಟ್ಟುಕೊಳ್ಳಿ: ನಾನು ಓದಿದ್ದು ಸರಿಯಾಗಿಯೇ ಇತ್ತು.

ಎತ್ತರದ ಪ್ರಶ್ನೆಗೆ ಮರಳುತ್ತೇನೆ. ಬೆರಳಿಗೆ ಬೆಟ್ಟ ಸಿಗಬೇಕಾದರೆ ಎತ್ತರವನ್ನು ಮಾತ್ರ ಇಪ್ಪತ್ತು ಪಟ್ಟು ಹಿಗ್ಗಿಸಬೇಕು. ಇದು ಸುಳ್ಳು ಹೇಳಿದಂತೆ ಎಂದು ನನಗೆ ಕಸಿವಿಸಿ. ಫೋನಿನಲ್ಲಿ ಹೇಳಿದೆ. ಮಕ್ಕಳಿಗೆ ಮೊದಲೇ ಹೇಳಿಬಿಟ್ಟರೆ ಅದು ಸುಳ್ಳಲ್ಲ, ಅಳತೆ ಎಂದು ಅವರು ಒಂದೇ ವಾಕ್ಯದಲ್ಲಿ ಮುಗಿಸಿದರು. ಎತ್ತರದ ಬೆಟ್ಟ ಐದೂಮುಕ್ಕಾಲು ಸೆಂಟಿಮೀಟರು, ನಡುವಿನ ಬಯಲು ಎರಡೂವರೆಯಿಂದ ಮೂರು ಎಂದು ನಿಗದಿಯಾಯಿತು.

ಇದನ್ನು ಕಟ್ಟುವ ಕೈ ನಮ್ಮಲ್ಲಿರಲಿಲ್ಲ. ಮಸ್ಕಿಯಲ್ಲಿ ಒಬ್ಬ ಚಾಚಾ ಇದ್ದಾರೆ. ಮೊಹರಂ ಹತ್ತಿರ ಬಂತೆಂದರೆ ಬಿದಿರು ಸೀಳಿ, ಬಣ್ಣದ ಕಾಗದ ಹಚ್ಚಿ ಗೋಪುರದಂಥ ತಾಬೂತು ಕಟ್ಟುವವರು. ಉಳಿದ ದಿನಗಳಲ್ಲಿ ಮದುವೆ ಮಂಟಪದ ಕಾಗದದ ಹೂವು, ಕಮಾನು. ಸ್ಕೂಟಿ ಹತ್ತಿ ಅವರ ಅಂಗಳಕ್ಕೆ ಹೋದೆ. ದ್ವೀಪ ಅಂದರೆ ಏನು, ಎಷ್ಟು ದೊಡ್ಡದು, ಅಲ್ಲಿ ಮುಸಲ್ಮಾನರಿದ್ದಾರಾ ಎಂದು ಕೇಳಿದರು. ಸ್ವಲ್ಪ ಜನ ಇದ್ದಾರೆ ಎಂದೆ. ಕೆಲಸಕ್ಕೆ ಒಪ್ಪಿಕೊಂಡರು. ಅದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ ಎಂದು ಆಮೇಲೆ ಅವರೇ ನಕ್ಕರು, ಸುಮ್ಮನೆ ತಿಳಿಯಲಿ ಎಂದು ಕೇಳಿದ್ದರಂತೆ.

ಕೆಲಸದ ಕ್ರಮ ಹೀಗಿತ್ತು. ಆರಡಿ ಉದ್ದದ ಪ್ಲೈವುಡ್ ಹಲಗೆ. ಎತ್ತರದ ಗೆರೆಗಳಿರುವ ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ತುಂಡುತುಂಡಾಗಿ ಹಿಗ್ಗಿಸಿ ಅಂಟಿಸಿದೆ. ಕಾರ್ಬನ್ ಹಾಳೆ ಇಟ್ಟು ದ್ವೀಪದ ಅಂಚನ್ನು ಹಲಗೆಗೆ ಇಳಿಸಿದೆ. ಅಷ್ಟರಲ್ಲಿ ಕಾರ್ಬನ್ ಸವೆದುಹೋಯಿತು. ಎತ್ತರದ ಜಾಗಗಳನ್ನು ಬಟರ್ ಪೇಪರಿನ ಮೇಲೆ ಐದು ಬಣ್ಣದ ಮಾರ್ಕರಿನಿಂದ ಚುಕ್ಕಿ ಇಟ್ಟು ತೆಗೆದುಕೊಂಡೆ: ಕೆಂಪು ಅತಿ ಎತ್ತರ, ನೀಲಿ ಅತಿ ತಗ್ಗು. ಆ ಹಾಳೆಯನ್ನು ಹಲಗೆಯ ಮೇಲೆ ಹಾಸಿ, ಉತ್ತರದ ತುದಿಗೆ ಉತ್ತರದ ತುದಿ, ದಕ್ಷಿಣದ ತುದಿಗೆ ದಕ್ಷಿಣದ ತುದಿ ಕೂಡಿಸಿ, ಪ್ರತಿ ಚುಕ್ಕಿಯ ಮೇಲೆ ಒಂದು ಮೊಳೆ. ಬಣ್ಣ ನೋಡಿ ಎತ್ತರ, ಅಳತೆಪಟ್ಟಿ ಹಿಡಿದು ಸುತ್ತಿಗೆಯೇಟು. ಒಟ್ಟು ಎಪ್ಪತ್ತಕ್ಕೂ ಹೆಚ್ಚು ಮೊಳೆ. ಆಮೇಲೆ ಚಾಚಾ ಮೊಳೆಯ ತಲೆ ಮುಟ್ಟುವವರೆಗೂ ಗುಜ್ಜು ತುಂಬುವುದು.

ಗುಜ್ಜು ಎಂದರೆ ನೆನೆಸಿದ ಹಳೆಯ ಪತ್ರಿಕೆ ಮತ್ತು ಮೆಂತ್ಯದ ಹಿಟ್ಟು ಕೂಡಿಸಿ ಕುಟ್ಟಿದ್ದು. ಈ ಕಡೆ ಹೆಂಗಸರು ಬುಟ್ಟಿಗೆ, ಮೊರಕ್ಕೆ ಬಳಿಯುವುದು ಅದನ್ನೇ. ಒಣಗಿದರೆ ಹಲಗೆಯಷ್ಟು ಗಟ್ಟಿ. ಒಣಗುವುದಕ್ಕೆ ಐದಾರು ದಿನ ಬೇಕು.

ಮೊಳೆ ಹೊಡೆಯುವಾಗ ಎರಡು ನೀಲಿ ಚುಕ್ಕಿ ದ್ವೀಪದ ಗೆರೆ ದಾಟಿ, ಪೂರ್ವದ ಸಮುದ್ರದಲ್ಲಿ ಮೂರು ಬೆರಳಿನಷ್ಟು ಆಚೆ ಬಿದ್ದವು.

"ಬೇಟಿ, ಈ ಎರಡು ಮೊಳಿ ನೀರಾಗ ಬಿದ್ದಾವ ನೋಡು," ಎಂದರು ಚಾಚಾ.

ಝೆರಾಕ್ಸ್ ಯಂತ್ರ ಅಂಚಿನಲ್ಲಿ ಕಾಗದ ಹಿಗ್ಗಿಸುತ್ತದೆ, ಅದರ ತಪ್ಪು ಎಂದು ನಾನು ವಿವರಿಸಿದೆ. ಸೊಗಸಾಗಿಯೇ ವಿವರಿಸಿದೆ. ಎರಡು ಮೊಳೆಗಳನ್ನೂ ಒಳಗೆ ಸರಿಸಿ ದಡಕ್ಕೆ ಹಚ್ಚಿದೆವು. ಅವರು ಮತ್ತೆ ಕೇಳಲಿಲ್ಲ. ಕಟ್ಟುತ್ತಾ ಹೋದಂತೆ ಎಡಗಡೆ ಗೋಡೆಯಂಥ ಏರು, ಬಲಗಡೆ ನಿಧಾನ ಇಳಿಜಾರು ಮೂಡಿತು. ಚಾಚಾ ದೂರ ನಿಂತು ನೋಡಿ, ನಮ್ಮ ಕಡೆಯ ಹಾಗೇ ಇದೆಯಲ್ಲ, ಆ ಕಡೆ ಘಟ್ಟ, ಈ ಕಡೆಗೆ ನದಿ ಇಳಿಯುವುದು ಎಂದರು. ನನಗೂ ಹಾಗೇ ಕಂಡಿತ್ತು. ಹಾಗೆ ಕಂಡದ್ದು ಹಿತವಾಗಿತ್ತು ಕೂಡ. ಕೃಷ್ಣೆ, ತುಂಗಭದ್ರೆಗಳ ನಡುವೆ ಹುಟ್ಟಿದ ನಮಗೆ ನೀರು ಪಶ್ಚಿಮದಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವುದು ಶಾಲೆಯಲ್ಲಿ ಕಲಿತ ಸಂಗತಿಯಲ್ಲ. ಸೂರ್ಯ ಯಾವ ಕಡೆ ಹುಟ್ಟುತ್ತಾನೆಂದು ಯಾರೂ ಕಲಿಯುವುದಿಲ್ಲವಲ್ಲ, ಹಾಗೆ.

ನಡುವೆ ಒಂದು ಅವಾಂತರವಾಯಿತು. ಮೆಂತ್ಯದ ವಾಸನೆಗೆ ಇಲಿಗಳು ಬಂದು ದ್ವೀಪದ ಉತ್ತರದ ತುದಿಯನ್ನು ತಿಂದುಹಾಕಿದವು. ಚಾಚಾನ ಹೆಂಡತಿ ಬೇವಿನೆಲೆ ಅರೆದು ಹೊಸ ಗುಜ್ಜಿಗೆ ಬೆರೆಸಿದರು. ಎರಡನೆಯ ದಿನದ ಬಿಸಿಲಿಗೆ ನಡುಬೆಟ್ಟ ಸೀಳಿತು, ನಾರು ಸಾಲದಾಗಿತ್ತು. ಗೋಣಿಚೀಲದ ಎಳೆ ಕತ್ತರಿಸಿ ತುಂಬಿದೆವು. ಇಂಥ ತೊಂದರೆಗಳು ನನಗೆ ಇಷ್ಟ. ಕಾರಣ ಕಾಣುತ್ತದೆ, ಪರಿಹಾರವಿರುತ್ತದೆ. ಇವುಗಳ ಜೊತೆ ಗುದ್ದಾಡುತ್ತಿರುವಾಗ ನಾನು ಬಹಳ ಎಚ್ಚರದ ಕೆಲಸಗಾರ್ತಿ ಎಂಬ ಭಾವನೆಯೂ ಬಂದುಬಿಡುತ್ತದೆ.

ಪಾಠ ಗುರುವಾರ. ಅದಕ್ಕೆ ಮೊದಲಿನ ಭಾನುವಾರ ಟೀಚರ್ ಮಸ್ಕಿಗೆ ಬಂದರು. ಬಸ್ ನಿಲ್ದಾಣದಿಂದ ನಾನೇ ಸ್ಕೂಟಿಯಲ್ಲಿ ಕರೆದುಕೊಂಡು ಬಂದೆ. ಅಂಗಳದಲ್ಲಿ ಹಲಗೆ ಒಣಗಿ ಸಿದ್ಧವಾಗಿತ್ತು, ನದಿಗಳಿಗೆ ದಾರ ಹಚ್ಚುವುದಷ್ಟೇ ಬಾಕಿ. ಅವರು ಚಪ್ಪಲಿ ಬಿಟ್ಟು ಹಲಗೆಯ ದಕ್ಷಿಣದ ತುದಿಗೆ ಮಂಡಿಯೂರಿ ಕುಳಿತರು. ಮೊದಲು ಅಂಚು ಪೂರ್ತಿ ಒಂದು ಸುತ್ತು. ಆಮೇಲೆ ಎರಡೂ ಅಂಗೈ ಅಗಲಿಸಿ, ಬಲದ ಕೈ ಪೂರ್ವದ ದಡದಿಂದ, ಎಡದ ಕೈ ಪಶ್ಚಿಮದ ದಡದಿಂದ, ಮಧ್ಯಕ್ಕೆ ತಂದರು. ಮತ್ತೆ ತಂದರು. ಮೂರನೆಯ ಸಲ ನಿಧಾನವಾಗಿ.

"ಮೇಡಂ, ನನ್ನ ಬಲಗಡಿ ಪೂರ್ವ ಅಲ್ರೀ?"

ಹೌದೆಂದೆ.

"ಗೋಡಿ ಎಡಗಡಿ ಸಿಗಾಕತ್ತದಲ್ರೀ. ನೀವು ಓದಿ ಕಳಿಸಿದ್ರಾಗ ಪೂರ್ವದಾಗ ಕಡಿದಾದ ಏರು ಅಂತ ಇತ್ತು."

ಇಲ್ಲಿ ನಾನು ಮಾಡಬೇಕಾಗಿದ್ದದ್ದು ಒಂದೇ ಕೆಲಸ. ನಕ್ಷೆ ನಾಲ್ಕು ಹೆಜ್ಜೆ ದೂರದಲ್ಲಿ, ಚಾಚಾನ ಪೆಟ್ಟಿಗೆಯ ಮೇಲಿತ್ತು. ನಾನು ಅದನ್ನು ತರಲಿಲ್ಲ. ವಾದ ಮಾಡಿದೆ. ಎತ್ತರವನ್ನು ಇಪ್ಪತ್ತು ಪಟ್ಟು ಹಿಗ್ಗಿಸಿದಾಗ ಇಳಿಜಾರುಗಳ ಅನುಪಾತ ಕೈಗೆ ಬೇರೆಯಾಗಿ ಸಿಗುತ್ತದೆ ಎಂದೆ. ಎಡಗೈಗೂ ಬಲಗೈಗೂ ಸೂಕ್ಷ್ಮದಲ್ಲಿ ವ್ಯತ್ಯಾಸವಿರುತ್ತದೆ ಎಂದೆ. ಪಾಠದಲ್ಲಿನ 'ಕಡಿದಾದ' ಎಂಬುದು ಸಾಪೇಕ್ಷ ಪದ ಎಂದೆ. ಒಂದೊಂದು ಮಾತೂ ಪ್ರತ್ಯೇಕವಾಗಿ ನೋಡಿದರೆ ತಪ್ಪಲ್ಲ. ಒಟ್ಟಾರೆ ಐದು ನಿಮಿಷ ಮಾತಾಡಿದೆ. ಸ್ಪರ್ಧೆಯಾಗಿದ್ದರೆ ಗಂಟೆ ಬಾರಿಸುವ ಮೊದಲೇ ಗೆದ್ದಿರುತ್ತಿದ್ದೆ.

ಟೀಚರ್ ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಆಯ್ತು ಬಿಡ್ರಿ. ನೀವು ನೋಡೀರಿ, ನಾ ನೋಡಿಲ್ಲ. ಹಂಗೇ ಇರಬಹುದು."

ಗೆದ್ದವರು ಸುಮ್ಮನಿರಬೇಕು. ನನಗೆ ಅದೂ ಬರುವುದಿಲ್ಲ. ಗೆದ್ದದ್ದಕ್ಕೆ ಸಾಕ್ಷಿಯೂ ಇರಲಿ ಎಂದು, ಚಾಚಾನಿಗೆ ತೋರಿಸಲು ಆಗ ಎದ್ದು ನಕ್ಷೆ ತಂದು ಬಿಡಿಸಿದೆ. ಗೆರೆಗಳು ಒತ್ತೊತ್ತಾಗಿ ಸೇರಿದ್ದು ಬಲಗಡೆ, ಪೂರ್ವದ ದಡದ ಪಕ್ಕ. ಬಟರ್ ಪೇಪರನ್ನು ಅದರ ಮೇಲೆ ಹಾಸಿದೆ. ಚುಕ್ಕಿಗಳು ಕೂಡಲಿಲ್ಲ. ಹಾಳೆಯನ್ನು ಮಗುಚಿದೆ. ಎಲ್ಲವೂ ಕೂಡಿದವು, ಸಮುದ್ರಕ್ಕೆ ಬಿದ್ದ ಎರಡು ನೀಲಿ ಚುಕ್ಕಿಗಳೂ ಸೇರಿ. ಅವು ಪಶ್ಚಿಮದ ಬಯಲಿನವು. ಮಾರ್ಕರಿನ ಶಾಯಿ ಹಾಳೆಯ ಆಚೆ ಕಡೆಗೂ ಇಳಿದಿತ್ತು. ಯಾವುದು ಮುಖ, ಯಾವುದು ಬೆನ್ನು ಎಂದು ತಿಳಿಯದೆ ಬೆನ್ನನ್ನು ಮೇಲೆ ಮಾಡಿ ಹಾಸಿದ್ದೆ. ತುದಿಗೆ ತುದಿ ಕೂಡಿದ್ದರಿಂದ ಅನುಮಾನ ಬರಲಿಲ್ಲ. ಹುಟ್ಟಿದ ಬೆಟ್ಟ ನಮ್ಮ ಘಟ್ಟದ ಹಾಗಿದ್ದದ್ದರಿಂದ ಮತ್ತೂ ಬರಲಿಲ್ಲ. ದ್ವೀಪದ ಅಂಚು ಮಡಗಾಸ್ಕರಿನದು, ಒಳಗಿನ ನೆಲ ಮಾತ್ರ ನಮ್ಮದು.

ಈಗ ಹೇಳುವುದು ಸುಲಭವಲ್ಲ, ಆದರೂ ಹೇಳುತ್ತೇನೆ. ಆ ಕ್ಷಣಕ್ಕೆ ನನ್ನ ತಲೆ ಮೊದಲು ಹುಡುಕಿದ್ದು ಪರಿಹಾರವನ್ನಲ್ಲ, ವಾದವನ್ನು. ಗುಜ್ಜು ಒಣಗಲು ಐದು ದಿನ, ನಮಗಿರುವುದು ಮೂರು. ಪರಿವೀಕ್ಷಕರೂ ಈ ಕಡೆಯವರೇ, ಹೆಡ್ ಮೇಷ್ಟ್ರೂ ಈ ಕಡೆಯವರೇ. ಯಾರಿಗೂ ತಿಳಿಯುವುದಿಲ್ಲ. ತಿಳಿಯಬಹುದಾಗಿದ್ದವರು ಒಬ್ಬರೇ, ಅವರನ್ನು ಈಗಷ್ಟೇ ನಾನು ಒಪ್ಪಿಸಿಯಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಪುಸ್ತಕದಲ್ಲಿ ತಪ್ಪು ಅಚ್ಚಾದರೆ ಇನ್ನೊಂದು ಪುಸ್ತಕ ನೋಡಿ ತಿದ್ದಿಕೊಳ್ಳಬಹುದು. ಆದರೆ ಈ ದ್ವೀಪದ ಇನ್ನೊಂದು ಪ್ರತಿ ಟೀಚರಿನ ಬೆರಳಿಗೆ ಸಿಗುವಂತೆ ಈ ಮೂರು ತಾಲ್ಲೂಕಿನಲ್ಲಿ ಎಲ್ಲೂ ಇರಲಿಲ್ಲ. ಸರಿಯಾಗಿ ಓದಿದ ಕೈಯನ್ನು ತಪ್ಪು ಎಂದು ನಂಬಿಸಿದ್ದೆ.

"ಟೀಚರ್, ನಿಮ್ಮ ಕೈ ಸರಿ ಅದ. ಹಾಳಿ ಉಲ್ಟಾ ಹಾಸೀನಿ ನಾ," ಎಂದೆ.

ಅವರು ಎಡಗಡೆಯ ಗೋಡೆಯನ್ನು ಮತ್ತೊಮ್ಮೆ ಮುಟ್ಟಿ ನೋಡಿದರು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡುತ್ತಾರೆ ಎಂದು ನಾನು ಕಾದಿದ್ದರೆ ಅದು ನನ್ನ ತಪ್ಪು.

"ನಾ ಕೇಳಿದಾಗ ಯಾಕ ನೋಡ್ಲಿಲ್ಲ ನೀವು?"

"ನಿಮಗಿಂತ ನನಗ ಜಾಸ್ತಿ ಗೊತ್ತದ ಅಂದ್ಕೊಂಡೆ."

"ಹೂಂ," ಎಂದರು. ಆಮೇಲೆ ಚಾಚಾನ ಕಡೆ ಮುಖ ತಿರುಗಿಸಿ, ಗುಜ್ಜಿನ ಹೊರತು ಬೇಗ ಒಣಗುವುದು ಏನಾದರೂ ಇದೆಯೇ ಎಂದು ವಿಚಾರಿಸಿದರು.

ಚಾಚಾ ಅಷ್ಟರಲ್ಲಿ ಇಕ್ಕಳ ಹುಡುಕುತ್ತಿದ್ದರು. "ಆ ಎರಡು ಮೊಳಿ ಪಾಪ, ತಮ್ಮ ಜಾಗಕ್ಕ ಹೋಗಾಕ ಒದ್ದಾಡಾಕತ್ತಿದ್ವು. ನಾ ಅಂದಿದ್ದಿಲ್ಲೇನು ಬೇಟಿ? ನೀ ತಪ್ಪು ತಂದು ಝೆರಾಕ್ಸ್ ಮಷೀನಿನ ಕೊರಳಿಗಿ ಕಟ್ಟಿದಿ," ಎಂದು ನನಗೊಂದು ಚುಚ್ಚುಮಾತು ಕೊಟ್ಟು, ದಾರಿ ಇದೆ ಎಂದರು. ತಾಬೂತಿನ ಗುಮ್ಮಟಕ್ಕೆ ಅವರು ಗುಜ್ಜು ಬಳಸುವುದಿಲ್ಲ. ಬಿದಿರ ಸೀಳಿನ ಮೇಲೆ ಮೈದಾ ಗೋಂದಿನಲ್ಲಿ ಅದ್ದಿದ ಹಳೆಯ ಬಟ್ಟೆ ಎಳೆದು ಹಾಸುತ್ತಾರೆ. ಈ ಬಿಸಿಲಿಗೆ ಒಂದೇ ದಿನ, ತಮಟೆಯಂತೆ ಬಿಗಿಯುತ್ತದೆ. ಒಳಗೆಲ್ಲ ಟೊಳ್ಳು, ಆದರೆ ಮಕ್ಕಳ ಕೈಭಾರ ತಡೆಯುತ್ತದೆ.

ಕೆಡವಿದೆವು. ಎರಡು ವಾರದ ಬೆಟ್ಟವನ್ನು ಉಳಿ ಹಾಕಿ ಎಬ್ಬಿಸಲು ಒಂದು ತಾಸೂ ಬೇಕಾಗಲಿಲ್ಲ. ಮೊಳೆಗಳನ್ನು ಕಿತ್ತು, ಹಾಳೆಯನ್ನು ಸರಿ ಮುಖ ಮಾಡಿ ಹಾಸಿ, ಮೂಲೆಯಲ್ಲಿ ಈ ಸಲ ದೊಡ್ಡದಾಗಿ 'ಮೇಲೆ' ಎಂದು ಬರೆದೆ. ಟೀಚರ್ ಅಂದು ಊರಿಗೆ ಹೋಗಲಿಲ್ಲ. ಮನೆಗೆ ಫೋನು ಮಾಡಿ ಹೇಳಿ, ಸೋಮವಾರಕ್ಕೆ ರಜೆ ಕೇಳಿ, ಚಾಚಾನ ಮನೆಯಲ್ಲೇ ಉಳಿದರು. ಹೊಸ ನಿಯಮ ಅವರದೇ: ನಾನು ನಕ್ಷೆ ನೋಡಿ ಎತ್ತರ ಓದಬೇಕು, ಚಾಚಾ ಮೊಳೆ ಹೊಡೆಯಬೇಕು, ಅವರು ಮುಟ್ಟಿ ಹೌದು ಅನ್ನುವವರೆಗೆ ಮುಂದಿನ ಮೊಳೆಯಿಲ್ಲ. ಅಳೆಯಲು ಅವರು ತಮ್ಮ ಬೆರಳಿನ ಗೆಣ್ಣುಗಳನ್ನೇ ಗುರುತು ಮಾಡಿಕೊಂಡಿದ್ದರು. ಮೊದಲನೆಯ ಗೆಣ್ಣು ಇಷ್ಟು, ಎರಡನೆಯದು ಇಷ್ಟು ಎಂದು ಪಟ್ಟಿಯಿಟ್ಟು ನೋಡಿಕೊಂಡೇ. ಎರಡು ಕಡೆ ನಾನು ಓದಿದ ಎತ್ತರವನ್ನು ಅನುಮಾನಿಸಿದರು. ಒಂದು ಕಡೆ ನಾನು ಸರಿ, ಇನ್ನೊಂದು ಕಡೆ ಅವರು. ಎರಡೂ ಸಲ ನಾನು ಮಾತಾಡುವ ಮೊದಲು ನಕ್ಷೆ ನೋಡಿದೆ. ಈ ಕ್ರಮ ಎಷ್ಟು 'ನಿಧಾನ' ಎಂದು ನನಗೆ ಅನ್ನಿಸಿತ್ತೋ, ಅಷ್ಟು ನಿಧಾನವೇನೂ ಆಗಲಿಲ್ಲ. ಸಂಜೆಗೆ ಮೊಳೆ ಮುಗಿದವು, ಒಂದೂ ಸಮುದ್ರಕ್ಕೆ ಬೀಳಲಿಲ್ಲ.

ಸೋಮವಾರ ಮೊಳೆಯಿಂದ ಮೊಳೆಗೆ ಬಿದಿರ ಸೀಳು ಕಟ್ಟಿ, ಅದರ ಮೇಲೆ ಬಟ್ಟೆ. ಚಾಚಾನ ಹೆಂಡತಿಯ ಎರಡು ಹಳೆಯ ಸೀರೆ ಗೋಂದಿನಲ್ಲಿ ಮುಳುಗಿದವು. ಇಲಿಗೆ ಮೈದಾ ಇನ್ನೂ ಪ್ರಿಯವಾದ್ದರಿಂದ ಮೈಲುತುತ್ತ ಹಾಕಲು ನಾನು ಹೊರಟೆ. ಮಕ್ಕಳು ಮುಟ್ಟುವ ವಸ್ತು, ವಿಷ ಬೇಡ ಎಂದು ಚಾಚಾನ ಹೆಂಡತಿ ಅದನ್ನು ನನ್ನ ಕೈಯಿಂದ ಕಸಿದುಕೊಂಡು, ಬೇವಿನ ಎಲೆಯನ್ನೇ ಕುದಿಸಿ ಸುರಿದರು. ಮಂಗಳವಾರ ಒಣಗಿತು. ಬುಧವಾರ ಮೈ ಕೊಟ್ಟೆವು: ಪೂರ್ವದ ಕಾಡಿಗೆ ಗೋಣಿಯ ತುಂಡು, ನಡುವಿನ ಮೆಟ್ಟಿಲು ಗದ್ದೆಗೆ ಸಾಲುಸಾಲು ಸುತಳಿ, ನದಿಗಳಿಗೆ ಹೊಸೆದ ದಾರ, ದಕ್ಷಿಣಕ್ಕೆ ಗೋಂದಿನ ಮೇಲೆ ಮರಳು. ಪಶ್ಚಿಮದ ಬಯಲಿಗೆ ಬಟ್ಟೆಯ ಮೇಲೆ ಬಣ್ಣ ಮಾತ್ರ, ನುಣುಪಾಗಿ. ಸಂಜೆ ಟಂಟಂ ಆಟೋದಲ್ಲಿ ಹಲಗೆ ಇಟ್ಟುಕೊಂಡು, ಲಿಂಗಸುಗೂರು ದಾಟಿ ಗುರುಗುಂಟಾ ಕಡೆ ಹೊರಟೆವು. ರಸ್ತೆಯ ಪ್ರತಿ ಗುಂಡಿಗೂ ಚಾಚಾ ಹಲಗೆಯನ್ನು ತೊಡೆಯ ಮೇಲೆ ಎತ್ತಿ ಹಿಡಿಯುತ್ತಿದ್ದರು.

ಗುರುವಾರದ ತರಗತಿಯಲ್ಲಿ ಹಲಗೆಯನ್ನು ಎರಡು ಡೆಸ್ಕ್ ಕೂಡಿಸಿ ನಡುವೆ ಇಟ್ಟಿದ್ದರು. ಪರಿವೀಕ್ಷಕರು ಮುಂದಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಹೆಡ್ ಮೇಷ್ಟ್ರು. ನಾನು ಕೊನೆಯ ಬೆಂಚು. ಟೀಚರ್ ಮೊದಲು ಎತ್ತರದ ಅಳತೆಯ ವಿಷಯ ಹೇಳಿದರು: ಇದರ ಬೆಟ್ಟ ನಿಜಕ್ಕಿಂತ ಇಪ್ಪತ್ತು ಪಟ್ಟು ಎತ್ತರ, ಯಾಕೆಂದರೆ ಇಲ್ಲದಿದ್ದರೆ ಬೆರಳಿಗೆ ಸಿಗುವುದಿಲ್ಲ. ಆಮೇಲೆ ಮಕ್ಕಳಿಗೆ ಕಣ್ಣು ಮುಚ್ಚಲು ಹೇಳಿ, ಎರಡೂ ದಡದಲ್ಲಿ ಸ್ಟೀಲಿನ ತಾಟು ಇಡಿಸಿದರು. ಬೆಟ್ಟದ ನೆತ್ತಿಯ ಮೇಲೆ ಒಂದು ಒಣ ಬಟಾಣಿ ಇಟ್ಟು ಪೂರ್ವಕ್ಕೆ ಬಿಟ್ಟರು. ಟಣ್ ಎಂದಿತು, ಎಣಿಸಲು ಸಮಯವೇ ಸಿಗಲಿಲ್ಲ. ಇನ್ನೊಂದನ್ನು ಆಚೆ ಕಡೆಗೆ ಬಿಟ್ಟರು. ಮಕ್ಕಳು ನಾಲ್ಕರವರೆಗೆ ಎಣಿಸಿದ ಮೇಲೆ ಸದ್ದು ಬಂತು. ಎರಡನೆಯದು ಯಾಕೆ ತಡ ಎಂದು ಅವರು ಕೇಳುವ ಮೊದಲೇ ನಾಲ್ಕು ಮಕ್ಕಳು ಉತ್ತರ ಹೇಳಿದ್ದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಇದು ನನಗೆ ಹೊಳೆದೂ ಇರಲಿಲ್ಲ.

ಉದ್ದದ ನದಿಗಳು ಪಶ್ಚಿಮಕ್ಕೆ ಹರಿದು ಕೆಂಪು ಮಣ್ಣನ್ನು ಸಮುದ್ರಕ್ಕೆ ಒಯ್ಯುತ್ತವೆ ಎಂದು ಅವರು ಹೇಳುತ್ತಿದ್ದಾಗ ಪರಿವೀಕ್ಷಕರು ಕೈ ಎತ್ತಿದರು. ಆಮೇಲೆ, ಕೈ ಎತ್ತಿದ್ದು ಟೀಚರಿಗೆ ಕಾಣದೆಂದು ಹೊಳೆದು ಕೆಮ್ಮಿದರು.

"ಒಂದ್ ನಿಮಿಷ ಟೀಚರ್. ಇದು ಉಲ್ಟಾ ಆಗ್ಯದ. ಬೆಟ್ಟ ಪಶ್ಚಿಮದಾಗ, ನದಿ ಪೂರ್ವಕ್ಕ ಹರೀಬೇಕಲ್ಲ? ಮಾಡಿದವರು ತಿರುವಿ ಮಾಡ್ಯಾರ."

ಹೆಡ್ ಮೇಷ್ಟ್ರು ಅವರ ಮುಖ ನೋಡಿ, ಹಲಗೆ ನೋಡಿ, ಹೌದೆನ್ನುವಂತೆ ತಲೆಯಾಡಿಸಿದರು. ನನ್ನ ಬಳಿ ಮೂರು ಉತ್ತರ ಸಿದ್ಧವಿದ್ದವು, ಒಂದಕ್ಕಿಂತ ಒಂದು ಹರಿತ. ಅರ್ಧ ಎದ್ದಿದ್ದೆ. ಬೆಂಚು ಕಿರ್ ಎಂದಿತು.

"ಮೇಡಂ, ನೀವು ಕುಂದರ್ರಿ," ಎಂದರು ಟೀಚರ್, ನನ್ನ ಕಡೆ ತಿರುಗದೆಯೇ. ಮಕ್ಕಳು ಕಿಸಕ್ಕೆಂದರು. ಕುಳಿತೆ.

"ಸರ್, ನೀವಂದದ್ದು ನಮ್ಮ ನೆಲದಾಗ ಖರೆ. ಇಲ್ಲಿ ಬಂದು ಕೈ ಇಡ್ರಿ. ಕಣ್ಣು ಮುಚ್ಚಿದ್ರ ಛಲೋ."

ಅವರು ಎದ್ದರು. ಎದ್ದದ್ದಕ್ಕೆ ಅವರಿಗೂ ಅಂಕ ಕೊಡಬೇಕು, ಎಲ್ಲರೂ ಏಳುವುದಿಲ್ಲ. ಕಣ್ಣು ಮುಚ್ಚಿದರೋ ಇಲ್ಲವೋ ಹಿಂದಿನಿಂದ ಕಾಣಲಿಲ್ಲ. ಟೀಚರ್ ಅವರ ಕೈಯನ್ನು ಪೂರ್ವದ ದಡಕ್ಕೆ ತಂದಿಟ್ಟು, ಈಗ ಗಾಳಿ ನಿಮ್ಮ ಬಲಗಡೆಯ ಸಮುದ್ರದಿಂದ, ನೀರು ಹೊತ್ತುಕೊಂಡು ಬರುತ್ತಿದೆ, ಎಲ್ಲಿ ಬಡಿಯುತ್ತದೆ ಎಂದು ಕೇಳಿದರು. ಗೋಡೆಗೆ ಎಂದರು ಅವರು. ಹಾಗಾದರೆ ಮಳೆ ಎಲ್ಲಿ? ಇಲ್ಲೇ, ಈ ಗೋಣಿ ಹಚ್ಚಿದ ಕಡೆ. ಗೋಡೆಯ ಆಚೆ ಬಿದ್ದ ನೀರಿಗೆ ಯಾವ ಕಡೆ ದಾರಿ? ಪರಿವೀಕ್ಷಕರ ತೋರುಬೆರಳು ದಾರದ ನದಿಯೊಂದನ್ನು ಹಿಡಿದು, ಮೆಟ್ಟಿಲು ಗದ್ದೆ ದಾಟಿ, ನುಣುಪಾದ ಬಯಲಿನ ಮೇಲೆ ನಿಧಾನಕ್ಕೆ ಪಶ್ಚಿಮಕ್ಕೆ ಹೋಗುತ್ತಿತ್ತು. ದಡ ಮುಟ್ಟಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಒಬ್ಬಳು ಹುಡುಗಿ ಅಟ್ಲಾಸು ತಂದು ತೆರೆದು ಹಿಡಿದಳು. ಅವರು ನೋಡಿದರು. ತಪ್ಪಾಯಿತು ಎಂದೇನೂ ಅನ್ನಲಿಲ್ಲ. "ಮುಂದ ಹೇಳ್ರಿ," ಎಂದು, ತಮ್ಮ ಕುರ್ಚಿಯನ್ನು ಹಲಗೆಯ ಹತ್ತಿರಕ್ಕೆ, ಕೈಗೆ ಎಟುಕುವಷ್ಟು ಹತ್ತಿರಕ್ಕೆ ಎಳೆದುಕೊಂಡರು. ಮುಂದಿನ ಇಪ್ಪತ್ತು ನಿಮಿಷ ದೋಣಿಯ ಜನ, ಭತ್ತ, ದನ. ಗದ್ದೆಯಲ್ಲಿ ದನ ಓಡಿಸಿ ರಾಡಿ ಮಾಡುತ್ತಾರೆ ಎಂದಾಗ, ಹಂಗ ಮಾಡಿದ್ರ ದನದ ಕಾಲು ಕೆಡಲ್ಲೇನ್ರೀ ಎಂದು ಹುಡುಗನೊಬ್ಬ ಕೇಳಿದ. ತನಗೆ ಗೊತ್ತಿಲ್ಲ, ತಿಳಿದು ಹೇಳುತ್ತೇನೆ ಎಂದರು ಟೀಚರ್. ಪರಿವೀಕ್ಷಕರು ಅದನ್ನು ಬರೆದುಕೊಂಡರು. ಅದಕ್ಕೆ ಅಂಕ ಕಳೆದರೋ ಕೊಟ್ಟರೋ ಎಂದು ನಾನು ವಾಪಸು ಬರುವ ದಾರಿಯುದ್ದಕ್ಕೂ ಚಾಚಾನ ಜೊತೆ ವಾದಿಸಿದೆ.

ಸೋಮವಾರ ಹೊಸ ವೇಳಾಪಟ್ಟಿ ಶಾಲೆಯ ಗೋಡೆಗೆ ಬಂತು. ಟೀಚರ್ ಹುಡುಗಿಯೊಬ್ಬಳ ಕೈಲಿ ಅದನ್ನು ಓದಿಸಿದರಂತೆ. ಎಂಟನೆಯ ತರಗತಿ ಸಮಾಜ ವಿಜ್ಞಾನ, ಒಂಬತ್ತನೆಯ ತರಗತಿ ಸಮಾಜ ವಿಜ್ಞಾನ, ಎದುರಿಗೆ ಅವರ ಹೆಸರು. ಕೇಳಿದ್ದು ಎಂಟನೆಯದು, ಬಂದದ್ದು ಎರಡೂ. ಇನ್ನೊಂದು ಸಲ ಓದು ಎಂದರಂತೆ.

ಅವರು ಮಾಡಿದ ಫೋನಿನಲ್ಲಿ ಇದಕ್ಕೆ ಹಿಡಿದದ್ದು ಎರಡೇ ನಿಮಿಷ. ಉಳಿದ ಹದಿನೈದು ನಿಮಿಷ ದೂರು. ದಕ್ಷಿಣದ ಮುಳ್ಳುಗಾಡಿಗೆ ಮರಳು ಹಚ್ಚಿದ್ದೇವೆ, ಮಕ್ಕಳಿಗೆ ಅದು ಸಮುದ್ರದ ದಂಡೆಯಂತೆ ಸಿಗುತ್ತದೆ, ಇಬ್ಬರು ಆ ಪಾಠದ ಕಿರುಪರೀಕ್ಷೆಯಲ್ಲಿ ಹಾಗೇ ಬರೆದಿದ್ದಾರೆ. ಒಣ ನೆಲಕ್ಕೆ ಮರಳು ಎಂಬುದು ನಕ್ಷೆ ಮಾಡುವವರೆಲ್ಲ ಒಪ್ಪಿದ ಸಂಕೇತ ಎಂದು ನಾನು ವಾದಿಸಿದೆ. ಮೂರು ಉದಾಹರಣೆ ಕೊಟ್ಟೆ. ಅವರು ಇಬ್ಬರು ಮಕ್ಕಳ ಉತ್ತರವನ್ನು ಮತ್ತೊಮ್ಮೆ ಹೇಳಿದರು. ಸೋತೆ. ಭಾನುವಾರ ಶಾಲೆಯ ಕಟ್ಟೆಯ ಮೇಲೆ ಚಾಚಾ ಜಾಲಿಮುಳ್ಳಿನ ತುದಿ ಕತ್ತರಿಸಿ ಮೊಂಡು ಮಾಡಿ ಕೊಡುತ್ತಿದ್ದರು, ನಾನು ಒಂದೊಂದನ್ನೇ ಮರಳಿನಲ್ಲಿ ನೆಡುತ್ತಿದ್ದೆ, ಟೀಚರ್ ಹಿಂದಿನಿಂದ ಬೆರಳಾಡಿಸುತ್ತಾ, ಇಲ್ಲಿ ಇನ್ನೊಂದು, ಇಲ್ಲಿ ದಟ್ಟ ಆಯಿತು, ಇದು ಚುಚ್ಚುತ್ತದೆ, ಕೀಳಿರಿ ಎನ್ನುತ್ತಿದ್ದರು.